ಹಳೆಯ ಹಾಡು, ಸುತ್ತಲಿನ ಸದ್ದು

ಮಕ್ಕಳೇ, ಮೊದಲು ಒಂದು ಆಟ ಆಡೋಣ. ತರಗತಿಯ ನಡುವೆ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ. ಉಳಿದವರು ಸುತ್ತಲೂ ನಿಂತು ಒಬ್ಬೊಬ್ಬರಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ. ಕೂತವರು ತಲೆ ಅಲ್ಲಾಡಿಸದೆ, ಸದ್ದು ಬಂದ ಕಡೆಗೆ ಕೈ ತೋರಿಸಬೇಕು. ಎಡ, ಬಲ ಸುಲಭವಾಗಿ ಗೊತ್ತಾಗುತ್ತೆ. ಆದರೆ ನೇರ ಮುಂದೆ, ನೇರ ಹಿಂದೆ ತಟ್ಟಿದಾಗ ಎಷ್ಟೋ ಸಲ ಎಡವಟ್ಟಾಗುತ್ತೆ. ಈಗ ತಲೆ ತಿರುಗಿಸಲು ಬಿಡಿ. ತಪ್ಪು ಕಡಿಮೆಯಾಗುತ್ತೆ, ನೋಡಿ!

ಯಾಕೆ ಹೀಗೆ? ನಮ್ಮ ಎರಡು ಕಿವಿಗಳ ನಡುವೆ ಸುಮಾರು 20 ಸೆಂಟಿಮೀಟರ್ ದೂರ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 0.2ನ್ನು 340ರಿಂದ ಭಾಗಿಸಿ. ಉತ್ತರ ಸುಮಾರು 0.0006 ಸೆಕೆಂಡ್. ಬಲಗಡೆಯ ಚಪ್ಪಾಳೆ ಎಡಗಿವಿಗೆ ಇಷ್ಟು ತಡವಾಗಿ, ಸ್ವಲ್ಪ ಮೆಲ್ಲಗೆ ಮುಟ್ಟುತ್ತದೆ. ಈ ಪುಟ್ಟ ವ್ಯತ್ಯಾಸದಿಂದಲೇ ಮಿದುಳು ದಿಕ್ಕು ಹೇಳುತ್ತದೆ. ಮುಂದಿನ ಅಥವಾ ಹಿಂದಿನ ಸದ್ದು ಎರಡೂ ಕಿವಿಗೆ ಒಟ್ಟಿಗೇ ತಲುಪುವುದರಿಂದ ಅಲ್ಲಿ ಗೊಂದಲ. ತಲೆ ತಿರುಗಿಸಿದ ಕೂಡಲೇ ಒಂದು ಕಿವಿ ಸದ್ದಿಗೆ ಹತ್ತಿರವಾಗಿ ಲೆಕ್ಕ ಸರಿಯಾಗುತ್ತದೆ.

ಈ ಲೆಕ್ಕವನ್ನೇ ಹಿಡಿದುಕೊಂಡು, ನಲವತ್ತು ವರ್ಷ ಹಳೆಯ ಹಾಡುಗಳನ್ನು ಕೇಳುಗರ ಸುತ್ತ ಮತ್ತೆ ಜೋಡಿಸಿದ ಕಥೆ ಇದು.

ಎಂಟು ದಾರಿಯ ಟೇಪು

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಪ್ರೊಗ್ರೆಸಿವ್ ರಾಕ್ ಎಂಬ ಸಂಗೀತ ಹುಟ್ಟಿತು. ಗಿಟಾರು, ಡ್ರಮ್ಮುಗಳ ಜೊತೆ ಕೊಳಲು, ಸ್ಯಾಕ್ಸೊಫೋನು. ಹಾಡುಗಳೂ ಉದ್ದ. ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' (1972) ಸುಮಾರು 18 ನಿಮಿಷದ್ದು. ಆ ಒಂದು ಹಾಡಿಗೇ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಮುಗಿಯಿತು.

ಕಿಂಗ್ ಕ್ರಿಮ್ಸನ್ ತಂಡದ 'ಇನ್ ದಿ ಕೋರ್ಟ್ ಆಫ್ ದಿ ಕ್ರಿಮ್ಸನ್ ಕಿಂಗ್' ಬಂದದ್ದು 1969ರ ಅಕ್ಟೋಬರಿನಲ್ಲಿ. ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ಎಂಟು ಟ್ರ್ಯಾಕಿನ ಟೇಪಿನ ಮೇಲೆ ಅದನ್ನು ಮುದ್ರಿಸಿದರು. ಟ್ರ್ಯಾಕ್ ಅಂದ್ರೆ ದಾರಿ. ಒಂದೇ ಟೇಪಿನ ಮೇಲೆ ಅಕ್ಕಪಕ್ಕ ಎಂಟು ಕಾಂತೀಯ ದಾರಿಗಳು. ಒಂದರಲ್ಲಿ ದನಿ, ಇನ್ನೊಂದರಲ್ಲಿ ಗಿಟಾರು, ಮತ್ತೊಂದರಲ್ಲಿ ಕೊಳಲು.

ಆ ತಂಡದಲ್ಲಿ ಮೆಲೊಟ್ರಾನ್ ಎಂಬ ವಾದ್ಯವೂ ಇತ್ತು. ನೋಡಲು ಹಾರ್ಮೋನಿಯಂ ಥರ ಮನೆಗಳಿರುವ ಪೆಟ್ಟಿಗೆ. ಆದರೆ ಒಂದೊಂದು ಮನೆಯ ಕೆಳಗೂ ಒಂದೊಂದು ತುಂಡು ಟೇಪು! ಮನೆ ಒತ್ತಿದರೆ ಆ ಟೇಪು ಓಡಿ, ಮೊದಲೇ ಮುದ್ರಿಸಿಟ್ಟ ಪಿಟೀಲಿನದ್ದೋ ಕೊಳಲಿನದ್ದೋ ಸ್ವರ ಕೇಳುತ್ತದೆ. ಸುಮಾರು 8 ಸೆಕೆಂಡಿಗೆ ಟೇಪು ಮುಗಿದು ಸ್ವರ ನಿಂತುಹೋಗುತ್ತದೆ.

ವಾದ್ಯಗಳು ಹೆಚ್ಚಿ ಎಂಟು ದಾರಿ ಸಾಲದೆ ಹೋದರೆ? ಆ ಕಾಲದ ಉಪಾಯ ಹೀಗಿತ್ತು. ತುಂಬಿದ ಟ್ರ್ಯಾಕುಗಳನ್ನು ಬೆರೆಸಿ ಒಂದೆರಡು ಟ್ರ್ಯಾಕಿಗೆ ನಕಲು ಮಾಡುವುದು, ಖಾಲಿಯಾದ ಜಾಗದಲ್ಲಿ ಹೊಸ ವಾದ್ಯ ನುಡಿಸುವುದು. ಆದರೆ ಟೇಪಿಗೆ ತನ್ನದೇ ಒಂದು 'ಸ್‌ಸ್‌ಸ್' ಸದ್ದಿದೆ. ಪ್ರತಿ ನಕಲಿನಲ್ಲೂ ಅದು ಸೇರುತ್ತಾ ಹೋಗುತ್ತದೆ. ನಕಲಿನ ನಕಲು ಜೆರಾಕ್ಸ್ ಮಾಡಿದಾಗ ಅಕ್ಷರ ಮಸುಕಾಗುವ ಹಾಗೆ.

ಸಾರಿನಿಂದ ಉಪ್ಪು ತೆಗೆಯಲಾದೀತೇ?

ಕೊನೆಗೆ ಎಲ್ಲ ಟ್ರ್ಯಾಕುಗಳನ್ನೂ ಬೆರೆಸಿ ಎಡ ಮತ್ತು ಬಲ ಎಂಬ ಎರಡೇ ಧಾರೆಗೆ ಇಳಿಸುತ್ತಾರೆ. ಇದೇ ಮಿಕ್ಸಿಂಗ್. ನಾವು ಕೇಳುವುದು ಈ ಬೆರಕೆಯನ್ನು. ಸಾರು ಕುದಿದ ಮೇಲೆ ಉಪ್ಪು, ಹುಳಿ, ಖಾರ ಬೇರೆ ಬೇರೆ ಮಾಡಲಾಗದು. ಹೊಸದಾಗಿ ಹದ ಮಾಡಬೇಕೆಂದರೆ ಸಾಮಾನು ಬೇರೆ ಬೇರೆ ಬಟ್ಟಲಿನಲ್ಲಿ ಉಳಿದಿರಬೇಕು. ಹಾಡಿಗೆ ಆ ಬಟ್ಟಲುಗಳೇ ಮೂಲ ಟ್ರ್ಯಾಕಿನ ಟೇಪುಗಳು.

ಹಾಗಾಗಿ ರೀಮಿಕ್ಸ್ ಮಾಡುವವರ ಮೊದಲ ಕೆಲಸ ಗೋದಾಮಿನಲ್ಲಿ. ಹಳೆಯ ರೀಲು ಸಿಕ್ಕರೂ ಕೂಡಲೇ ಓಡಿಸುವ ಹಾಗಿಲ್ಲ. 1970ರ ದಶಕದ ಕೆಲವು ಬಗೆಯ ಟೇಪುಗಳಲ್ಲಿ, ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಓಡಿಸಿದರೆ ಪುಡಿ ಕಿತ್ತುಬಂದು ಹಾಡೇ ಅಳಿಸಿಹೋಗುತ್ತದೆ. ಅಂಥ ಟೇಪುಗಳನ್ನು 50ರಿಂದ 55 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ತೇವ ಆರಿಸುತ್ತಾರೆ. ಹೌದು, ಹಪ್ಪಳ ಒಣಗಿಸಿದ ಹಾಗೇ! ಆಮೇಲೆ ಟೇಪು ಓಡಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ಟ್ರ್ಯಾಕಿಗೆ ಎಂಟೇ ಎಂಬ ಮಿತಿ ಇಲ್ಲ. ನಕಲು ಮಾಡುವುದಕ್ಕೂ ಮುಂಚಿನ ರೀಲುಗಳು ಉಳಿದಿದ್ದರೆ, ಅವನ್ನೂ ತಂದು ಒಂದರ ಪಕ್ಕ ಒಂದು ಹೊಂದಿಸಬಹುದು. ನಕಲಿನಲ್ಲಿ ಮಸುಕಾಗಿದ್ದ ವಾದ್ಯ ಮತ್ತೆ ತಿಳಿಯಾಗುತ್ತದೆ.

ಐದು ಮತ್ತು ಬಿಂದು ಒಂದು

ಸುತ್ತಲೂ ಸದ್ದು ಕೇಳಿಸುವ ಯೋಚನೆ ಹೊಸದಲ್ಲ. 1970ರ ದಶಕದಲ್ಲೇ ಕೋಣೆಯ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಡುವ ಕ್ವಾಡ್ರಫೋನಿಕ್ ವಿಧಾನ ಬಂತು. ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' (1973) ಆಲ್ಬಮ್ಮಿಗೆ ಎಂಜಿನಿಯರ್ ಅಲನ್ ಪಾರ್ಸನ್ಸ್ ಅಂಥ ಮಿಕ್ಸ್ ಮಾಡಿದ್ದರು. ಆದರೆ ಕಂಪನಿಗೊಂದು ವಿಧಾನ. ಒಂದರ ತಟ್ಟೆ ಇನ್ನೊಂದರ ಯಂತ್ರದಲ್ಲಿ ಸರಿಯಾಗಿ ನುಡಿಯದು. ಖರ್ಚೂ ಜಾಸ್ತಿ. ಜನ ಕೊಳ್ಳಲಿಲ್ಲ.

ಡಿವಿಡಿ ಬಂದ ಮೇಲೆ 5.1 ಮನೆಗಳಿಗೆ ಹೊಕ್ಕಿತು. ಕೇಳುಗರ ಎದುರಿಗೆ ಒಂದು ಸ್ಪೀಕರ್, ಅದರ ಎಡಬಲಕ್ಕೆ 30 ಡಿಗ್ರಿಯಲ್ಲಿ ಎರಡು, ಸ್ವಲ್ಪ ಹಿಂದಕ್ಕೆ ಸುಮಾರು 110 ಡಿಗ್ರಿಯಲ್ಲಿ ಇನ್ನೆರಡು. ಕೋನಮಾಪಕ ಹಿಡಿದು ಪುಸ್ತಕದಲ್ಲಿ ಬರೆದು ನೋಡಿ. ಬಿಂದು ಒಂದು ಎಂದರೆ ಗುಡುಗಿನಂಥ ತಗ್ಗು ಸದ್ದಿಗೆ, ಅಂದ್ರೆ ಸುಮಾರು 120 ಹರ್ಟ್ಜ್‌ಗಿಂತ ಕೆಳಗಿನದಕ್ಕೆ, ಮೀಸಲಾದ ದಾರಿ. 34 ಹರ್ಟ್ಜ್ ಅಲೆಯ ಉದ್ದ ಎಷ್ಟು? 340 ಭಾಗಿಸು 34, ಹತ್ತು ಮೀಟರ್! ಅಷ್ಟುದ್ದದ ಅಲೆ ನಮ್ಮ ತಲೆಯನ್ನು ಸುಮ್ಮನೆ ಬಳಸಿ ಹೋಗುವುದರಿಂದ ಅದರ ದಿಕ್ಕು ಕಿವಿಗೆ ಅಷ್ಟಾಗಿ ತಿಳಿಯದು. ಅದಕ್ಕೇ ಆ ಸ್ಪೀಕರನ್ನು ಒಂದು ಮೂಲೆಯಲ್ಲಿಟ್ಟರೂ ನಡೆಯುತ್ತದೆ.

ಯಾರ ಹಾಡು, ಯಾರ ಕೈ?

2009ರಲ್ಲಿ ಕಿಂಗ್ ಕ್ರಿಮ್ಸನ್ ಆಲ್ಬಮ್ಮಿನ ನಲವತ್ತನೇ ವರ್ಷಕ್ಕೆ ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಅದನ್ನು 5.1ಕ್ಕೆ ಜೋಡಿಸಿದರು. ಅವರು ಹುಟ್ಟಿದ್ದು 1967ರ ನವೆಂಬರಿನಲ್ಲಿ. ಮೂಲ ಆಲ್ಬಮ್ ಬಂದಾಗ ಅವರಿಗೆ ಎರಡು ವರ್ಷವೂ ತುಂಬಿರಲಿಲ್ಲ! ಮುಂದೆ ಜೆಥ್ರೊ ಟಲ್ ತಂಡದ 'ಅಕ್ವಾಲಂಗ್', ಯೆಸ್ ತಂಡದ 'ಕ್ಲೋಸ್ ಟು ದಿ ಎಡ್ಜ್' ಕೂಡ ಅವರ ಕೈಗೆ ಬಂದವು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ಲಕ್ಷಾಂತರ ಜನರ ಮನಸ್ಸಿನಲ್ಲಿ ಕೂತುಬಿಟ್ಟ ಹಾಡನ್ನು ಬದಲಿಸಬಹುದೇ? ಕೊಳಲನ್ನು ಹಿಂದಿನ ಸ್ಪೀಕರಿಗೆ ಕಳಿಸುವ ಹಕ್ಕು ಯಾರದು? ವಿಲ್ಸನ್ ಒಂದು ಶಿಸ್ತು ಇಟ್ಟುಕೊಂಡರು. ಮೊದಲು ಹಳೆಯ ಸ್ಟೀರಿಯೋ ಮಿಕ್ಸನ್ನೇ ಮುಂದಿಟ್ಟುಕೊಂಡು, ಪ್ರತಿ ವಾದ್ಯದ ಏರಿಳಿತ, ಪ್ರತಿಧ್ವನಿ ಎಲ್ಲವನ್ನೂ ಆದಷ್ಟು ಅದರಂತೆಯೇ ಮತ್ತೆ ಕಟ್ಟುವುದು. ಅದು ಹೊಂದಿದ ಮೇಲಷ್ಟೇ ವಾದ್ಯಗಳನ್ನು ಸುತ್ತಲೂ ಹರಡುವುದು. ಮೂಲದವರು ಮಾಡಿದ್ದನ್ನು ಮೊದಲು ಕಲಿತು, ಆಮೇಲೆ ಕೈ ಹಾಕುವುದು. ಆದರೂ ಹಳೆಯದೇ ಚೆಂದ ಅನ್ನುವವರು ಇದ್ದಾರೆ. ಅವರ ಮಾತೂ ತಪ್ಪಲ್ಲ. ಹಳೆಯ ಮಿಕ್ಸ್ ಹಾಗೇ ಉಳಿದಿರುವುದರಿಂದ ಎರಡನ್ನೂ ಕೇಳಿ ತೂಗಬಹುದು.

ಎಲ್ಲ ಹಾಡಿಗೂ ಈ ಭಾಗ್ಯ ಇಲ್ಲ. ಜೆಂಟಲ್ ಜೈಂಟ್ ತಂಡದ ಮೊದಲ ಮೂರು ಆಲ್ಬಮ್ಮುಗಳನ್ನು ರೀಮಿಕ್ಸ್ ಮಾಡಲು ಹೊರಟಾಗ ಹಲವು ಹಾಡುಗಳ ಮೂಲ ಟೇಪುಗಳೇ ಇರಲಿಲ್ಲ. ಉಳಿದಿದ್ದ ಹಾಡುಗಳನ್ನಷ್ಟೇ ಸೇರಿಸಿ 2017ರಲ್ಲಿ 'ತ್ರೀ ಪೀಸ್ ಸೂಟ್' ಎಂಬ ಒಂದೇ ಸಂಗ್ರಹ ತಂದರು. ಯಾರೋ ಒಬ್ಬರು ಡಬ್ಬದ ಮೇಲೆ ಹೆಸರು, ತಾರೀಖು ಬರೆದು ಜೋಪಾನ ಮಾಡಿದ್ದು ಉಳಿಯಿತು. ಉಳಿದದ್ದು ಹೋಯಿತು.

ನೀವೂ ಮಾಡಿ ನೋಡಿ

ಮೂರು ಮೊಬೈಲ್ ಫೋನ್ ಸಾಕು. ಮೂವರು ಗೆಳೆಯರು ಸ್ವಲ್ಪ ದೂರ ದೂರ ನಿಂತು ಒಂದೇ ಹಾಡು ಹೇಳಲಿ. ಒಬ್ಬರು ದನಿ, ಒಬ್ಬರು ತಾಳ, ಇನ್ನೊಬ್ಬರು ಕೊಳಲು ಅಥವಾ ಹಾರ್ಮೋನಿಯಂ. ಪ್ರತಿಯೊಬ್ಬರ ಬಾಯಿ ಅಥವಾ ವಾದ್ಯದ ಹತ್ತಿರ ಒಂದೊಂದು ಫೋನಿಟ್ಟು ಮುದ್ರಿಸಿ. ಶುರುವಿನಲ್ಲಿ ಒಂದು ಗಟ್ಟಿ ಚಪ್ಪಾಳೆ ಇರಲಿ. ಮೂರನ್ನೂ ಹೊಂದಿಸಲು ಅದೇ ಗುರುತು. ಬಳಿಕ ಫೋನುಗಳನ್ನು ಕೋಣೆಯ ಮೂರು ಮೂಲೆಯಲ್ಲಿಟ್ಟು, ಒಟ್ಟಿಗೇ ನುಡಿಸಿ, ನಡುವೆ ಕೂತು ಕೇಳಿ. ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ. ಹಾಡು ಅದೇ, ಕೇಳಿದ್ದು ಅದೇನಾ? ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.

ಮತ್ತೆ ಆ ಮೂರು ಫೈಲುಗಳಿಗೂ ಹೆಸರು, ತಾರೀಖು ಹಾಕಿ ಇಡೋದನ್ನ ಮರೀಬೇಡಿ.