ಬಾಗಿಲು ಮುಚ್ಚಿದ ದೇವಮಂದಿರ

ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದ ಬೆಟ್ಟಗಳ ನಡುವೆ ಈಮ್ ಎಂಬುದೊಂದು ಹಳ್ಳಿ. ಸಂತ ಲಾರೆನ್ಸನ ಹೆಸರಿನ ಅಲ್ಲಿಯ ಚರ್ಚು ಪ್ರಾಚೀನವಾದುದು. ಅದರ ಅಂಗಳದಲ್ಲಿ ಎಂಟನೆಯ ಶತಮಾನದ್ದೆನ್ನಲಾದ ಕೆತ್ತನೆಯ ಕಲ್ಲುಶಿಲುಬೆಯೊಂದು ನಿಂತಿದೆ. ಆದರೆ ಹಳಮೆಯೊಂದೇ ಅದರ ಹಿರಿಮೆಯಲ್ಲ. ಬಾಗಿಲು ಮುಚ್ಚಿದ್ದ ಕೆಲವು ತಿಂಗಳುಗಳೇ ಆ ಚರ್ಚನ್ನು ಲೋಕದ ನೆನಪಿನಲ್ಲಿ ಉಳಿಸಿವೆ.

1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿತ್ತು. ಅಲ್ಲಿಂದ ದರ್ಜಿಯ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ರೋಗವೂ ಈಮ್‌ಗೆ ಬಂದಿತೆಂದು ಪ್ರತೀತಿ. ಆ ಸೆಪ್ಟೆಂಬರಿನಲ್ಲಿ ಜಾರ್ಜ್ ವಿಕರ್ಸ್ ಎಂಬವನು ಮೊದಲು ಮಡಿದನು. ಚಳಿಗಾಲ ಕಳೆದು 1666ರ ಬೇಸಗೆ ಬರಲು, ಮಾರಿ ಮತ್ತೆ ಹೆಡೆಯೆತ್ತಿತು.

ಆಗಿನ ಪಾದ್ರಿ ವಿಲಿಯಂ ಮಾಂಪೆಸನ್ ಇನ್ನೂ ತರುಣ; ಊರಿಗೆ ಹೊಸಬ. ಅವನಿಗಿಂತ ಮೊದಲು ಅಲ್ಲಿದ್ದ ಥಾಮಸ್ ಸ್ಟ್ಯಾನ್ಲಿ, 1662ರ ಆರಾಧನಾ ಶಾಸನಕ್ಕೆ ತಲೆಬಾಗದೆ ಪದವಿಯನ್ನು ಕಳೆದುಕೊಂಡಿದ್ದವನು. ಮತಭೇದದಿಂದ ದೂರವಾಗಿದ್ದ ಈ ಇಬ್ಬರೂ ಸಂಕಟದ ವೇಳೆಯಲ್ಲಿ ಒಂದಾದರು. ಯಾರೂ ಊರಿನ ಎಲ್ಲೆಯನ್ನು ದಾಟಕೂಡದು. ಸತ್ತವರನ್ನು ಮನೆಯವರೇ ಹಿತ್ತಿಲಿನಲ್ಲೋ ಹೊಲದಲ್ಲೋ ಹೂಳಬೇಕು. ಚರ್ಚನ್ನು ಮುಚ್ಚಿ, ಬಯಲ ಕಣಿವೆಯಲ್ಲಿ ದೂರದೂರ ನಿಂತು ಪ್ರಾರ್ಥಿಸಬೇಕು ಎಂದು ನಿಯಮವಾಯಿತು. ಜನ ಒಪ್ಪಿದರು. ಹೊರಗಿನವರು ಆಹಾರವನ್ನು ಗಡಿಯಲ್ಲಿ ಇಟ್ಟುಹೋಗುವರು. ಊರಿನವರು ವಿನಿಗರ್ ತುಂಬಿದ ಕಲ್ಲುಕುಳಿಗಳಲ್ಲಿ ನಾಣ್ಯಗಳನ್ನು ಇಡುವರು.

ಎಲಿಜಬೆತ್ ಹ್ಯಾನ್‌ಕಾಕ್ ಎಂಬಾಕೆ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ತನ್ನ ಕೈಯಿಂದಲೇ ಮಣ್ಣುಮಾಡಿದಳು. ಮಾಂಪೆಸನ್ ತನ್ನ ಮಕ್ಕಳನ್ನು ಮೊದಲೇ ಹೊರಗೆ ಕಳುಹಿಸಿದ್ದನೆಂಬುದನ್ನು ಮರೆಮಾಚಬೇಕಾಗಿಲ್ಲ, ಅವನೂ ತಂದೆಯೇ. ಆದರೆ ಪತ್ನಿ ಕ್ಯಾಥರೀನ್ ಅವನನ್ನು ಬಿಟ್ಟು ಕದಲಲಿಲ್ಲ. ಆಗಸ್ಟಿನಲ್ಲಿ ಆಕೆಯೂ ತೀರಿಕೊಂಡಳು. ಆಕೆಯ ಸಮಾಧಿ ಚರ್ಚಿನ ಅಂಗಳದಲ್ಲಿ ಇಂದಿಗೂ ಇದೆ.

ನವೆಂಬರಿನ ಹೊತ್ತಿಗೆ ಮಾರಿ ಅಡಗಿತು. ಅಳಿದವರು ಸುಮಾರು 260 ಮಂದಿ. ಸಾಯುವವನ ಧೈರ್ಯವನ್ನು ಹೊಗಳುವುದು ಸುಲಭ. ಓಡಿಹೋಗಿ ಬದುಕಬಹುದಾಗಿದ್ದ ಆರೋಗ್ಯವಂತನೂ ತನ್ನ ಮನೆಯ ಹೊಸ್ತಿಲಲ್ಲೇ ನಿಂತನಲ್ಲ, ಅದನ್ನು ಏನೆಂದು ಕರೆಯೋಣ? ಯಾರಿಗಾಗಿ ಹಾಗೆ ನಿಂತನೋ ಅವರ ಮುಖವನ್ನೂ ಅವನು ಕಂಡಿರಲಿಲ್ಲ. ಬಾಗಿಲು ತೆರೆದಿರುವುದು ದೇವಮಂದಿರದ ಧರ್ಮ. ನೆರೆಯವನ ಉಸಿರನ್ನು ಕಾಯಲು ಅದನ್ನು ಮುಚ್ಚುವುದೂ ಪೂಜೆಯೇ ಎಂಬುದನ್ನು ಆ ಹಳ್ಳಿಗರು ಬಾಳಿ ತೋರಿದರು.

ಈಮ್‌ನಲ್ಲಿ ಆಗಸ್ಟಿನ ಕೊನೆಯ ಭಾನುವಾರ ಅವರನ್ನು ನೆನೆಯುವ ದಿನ. ಅಂದಿನ ಪ್ರಾರ್ಥನೆಗೆ ಜನ ಸೇರುತ್ತ ಬಂದಿರುವುದು ಚರ್ಚಿನೊಳಗಲ್ಲ; ಅದೇ ಬಯಲ ಕಣಿವೆಯಲ್ಲಿ.