ಪುಟಗುರುತುಗಳ ಗಂಟು ಯಾರ ಮನೆಯಲ್ಲಿದೆ?

ಮಾನೇಸರಿನಲ್ಲಿ ನೆಲೆಸಿರುವ ನಮಗೆ ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಗಳಿಗೆ ಹೋಗಿಬರುವುದೆಂದರೆ ಹೆದ್ದಾರಿಯ ವಾಹನದಟ್ಟಣೆಯಲ್ಲಿ ಅರ್ಧ ದಿನದ ಮಾತು. ಹೀಗಾಗಿ ವಾರದ ದಿನಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಕನ್ನಡದಲ್ಲಿ ಹೆಚ್ಚಿನ ಪಾಲು ಅಂತರ್ಜಾಲದಿಂದಲೇ ಬರುತ್ತದೆ. ನಮ್ಮ ಬಳಗದ ತಾಯಿಯೊಬ್ಬರು ಶಿಶುಗೀತೆ, ವಚನ, ಹಬ್ಬದ ಅಡುಗೆ ಎಂದು ಐದು ವರ್ಷ ಆರಿಸಿಟ್ಟ ಪುಟಗಳ ಕೊಂಡಿಗಳೆಲ್ಲ ಕಚೇರಿಯ ಲ್ಯಾಪ್‌ಟಾಪಿನಲ್ಲಿದ್ದವು. ಕೆಲಸ ಬಿಟ್ಟ ದಿನ ಯಂತ್ರವನ್ನು ಹಿಂತಿರುಗಿಸಿದರು. ಕೊಂಡಿಗಳ ನೆನಪಾದದ್ದು ಮರುದಿನ.

ಬುಕ್‌ಮಾರ್ಕುಗಳನ್ನು ಒಂದೇ ಗಣಕದಲ್ಲಿ ಬಚ್ಚಿಡದೆ ಅಂತರ್ಜಾಲದಲ್ಲಿಯೇ ಇರಿಸಿ ಇತರರೊಡನೆ ಹಂಚಿಕೊಳ್ಳುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು 2003ರಲ್ಲಿ ಜೋಶುವಾ ಶಾಕ್ಟರ್ ಆರಂಭಿಸಿದ ಡೆಲಿಶಿಯಸ್. ಉಳಿಸಿದ ಪ್ರತಿ ಪುಟಕ್ಕೂ ನಮ್ಮದೇ ಪದಗಳ ಚೀಟಿ, ಅಂದರೆ ಟ್ಯಾಗ್, ಅಂಟಿಸಬಹುದಿತ್ತು. ಅದೇ ಚೀಟಿಯಡಿ ಬೇರೆಯವರು ಕೂಡಿಸಿಟ್ಟದ್ದನ್ನೂ ನೋಡಬಹುದಿತ್ತು. ಆದರೆ ಅದರ ಮುಂದಿನ ಕಥೆಯನ್ನು ಗಮನಿಸಿ: 2005ರಲ್ಲಿ ಯಾಹೂ ಕೊಂಡಿತು, 2011ರಲ್ಲಿ ಮಾರಿತು, 2017ರಲ್ಲಿ ಪಿನ್‌ಬೋರ್ಡ್ ಕೊಂಡು ಹೊಸದಾಗಿ ಸೇರಿಸುವುದನ್ನು ನಿಲ್ಲಿಸಿತು. ಗೂಗಲ್ ಬುಕ್‌ಮಾರ್ಕ್ಸ್ 2021ರಲ್ಲಿ ಮುಚ್ಚಿತು. ಮೊಜಿಲ್ಲಾದ ಪಾಕೆಟ್ 2025ರ ಜುಲೈನಲ್ಲಿ.

ಆದ್ದರಿಂದ ಯಾವ ಸೇವೆಯನ್ನು ಬಳಸಿದರೂ ಒಂದು ಪ್ರತಿ ನಮ್ಮಲ್ಲಿರಲೇಬೇಕು. ಇದು ಕಷ್ಟವೇನಲ್ಲ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲಿಯೂ ಬುಕ್‌ಮಾರ್ಕುಗಳ ನಿರ್ವಹಣೆಯ ಪುಟದಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಆಯ್ಕೆಯಿದೆ. ಅದು ಕೊಡುವ ಎಚ್‌ಟಿಎಂಎಲ್ ಕಡತವು ಯಾವ ಬ್ರೌಸರಿನಲ್ಲಾದರೂ ತೆರೆಯುತ್ತದೆ; ಮಿಂಚಂಚೆಯಲ್ಲಿ ಊರಿನ ತಂಗಿಗೂ ಕಳುಹಿಸಬಹುದು. ಕಚೇರಿಯ ಖಾತೆಯಿಂದ ಬ್ರೌಸರಿಗೆ ಪ್ರವೇಶಿಸಿರುವವರು ಈ ಕೆಲಸವನ್ನು ಇಂದೇ ಮಾಡುವುದು ಲೇಸು.

ಕನ್ನಡಿಗರಿಗೆ ಬೇರೆ ತೊಡಕುಗಳೂ ಉಂಟು. ಒಂದೇ ವಿಷಯವನ್ನು ಒಬ್ಬರು ‘ಶಿಶುಗೀತೆ’ ಎಂದೂ ಇನ್ನೊಬ್ಬರು ‘ಮಕ್ಕಳ ಹಾಡು’ ಎಂದೂ ಮತ್ತೊಬ್ಬರು ರೋಮನ್ ಲಿಪಿಯಲ್ಲಿಯೂ ಗುರುತಿಸಿದರೆ ಹುಡುಕುವವರಿಗೆ ಮೂರನೆಯ ಒಂದು ಭಾಗವಷ್ಟೇ ದೊರೆಯುತ್ತದೆ. ಯೂನಿಕೋಡ್ ಬರುವ ಮುನ್ನ ಸಿದ್ಧವಾದ ಹಳೆಯ ಪುಟಗಳ ಶೀರ್ಷಿಕೆಗಳಂತೂ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ದಾಖಲಾಗುತ್ತವೆ. ಉಳಿಸುವಾಗಲೇ ಅವುಗಳಿಗೆ ಕನ್ನಡದಲ್ಲಿ ಹೆಸರಿಡದಿದ್ದರೆ ವರ್ಷದ ಬಳಿಕ ಉಳಿಸಿದವರಿಗೇ ಗುರುತು ಸಿಗದು.

ಇನ್ನೊಂದು ಮಾತು. ನಾವು ಉಳಿಸುವುದು ವಿಳಾಸವನ್ನು, ಬರಹವನ್ನಲ್ಲ. ಕರ್ನಾಟಕ ಸರ್ಕಾರದ ‘ಕಣಜ’ದಂತಹ ಜ್ಞಾನಕೋಶದ ವಿಳಾಸವೇ ಬದಲಾದುದನ್ನು ಕಂಡಿದ್ದೇವೆ. ತೆರೆಯದ ಹಳೆಯ ವಿಳಾಸವನ್ನು ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ‘ವೇಬ್ಯಾಕ್ ಮಷೀನ್’ನಲ್ಲಿ ಹಾಕಿ ನೋಡಿ, ಪ್ರತಿ ಇದ್ದರೂ ಇರಬಹುದು. ಬೇಕಾದ ಪುಟವನ್ನು ಅಲ್ಲಿ ಉಳಿಸುವಂತೆ ನಾವೇ ಕೋರಲೂಬಹುದು.

ಹಂಚುವ ಮುನ್ನ ಪಟ್ಟಿಯನ್ನೊಮ್ಮೆ ಓದಿಕೊಳ್ಳಿ. ‘ಕೊಂಡಿಯಿರುವ ಯಾರಾದರೂ ನೋಡಬಹುದು’ ಎಂಬ ಅನುಮತಿಯಿರುವ ಮನೆಯ ಛಾಯಾಚಿತ್ರಗಳೋ ಲೆಕ್ಕದ ಹಾಳೆಯೋ ಅದರಲ್ಲಿ ಸೇರಿಕೊಂಡಿದ್ದರೆ ಅದೂ ಎಲ್ಲರ ಪಾಲಾಗುತ್ತದೆ.

ಆ ತಾಯಿಯ ಪಟ್ಟಿಯನ್ನು ನಮ್ಮ ಬಳಗದವರು ನೆನಪಿನಿಂದ ಮತ್ತೆ ಕಟ್ಟುತ್ತಿದ್ದೇವೆ. ಕಡತದ ಪ್ರತಿ ಈಗ ನಾಲ್ಕು ಮನೆಗಳಲ್ಲಿದೆ. ಅವರ ಮಗಳು ಕೇಳುತ್ತಿರುವ ಆನೆಯ ಹಾಡೊಂದು ಮಾತ್ರ ಇನ್ನೂ ಸಿಕ್ಕಿಲ್ಲ.