ಎಣಿಕೆ ಮತ್ತು ಅರ್ಥವಿವರಣೆ: ಸಾಮಾಜಿಕ ಭಾಷಾವಿಜ್ಞಾನದಲ್ಲಿ ಪರಿಮಾಣಾತ್ಮಕ ಹಾಗೂ ಗುಣಾತ್ಮಕ ವಿಧಾನಗಳ ಸಂಬಂಧ

1. ಪ್ರಶ್ನೆಯ ಸ್ವರೂಪ

ಸಾಮಾಜಿಕ ಅಧ್ಯಯನಗಳ ಪಠ್ಯಗಳು ಗುಣಾತ್ಮಕ ಮತ್ತು ಪರಿಮಾಣಾತ್ಮಕ ವಿಧಾನಗಳನ್ನು ಸಾಮಾನ್ಯವಾಗಿ ಎರಡು ಕಂಬಸಾಲುಗಳಲ್ಲಿ ನಿಲ್ಲಿಸುತ್ತವೆ. ಒಂದು ‘ಎಷ್ಟು’ ಎಂದು ಕೇಳುತ್ತದೆ, ಇನ್ನೊಂದು ‘ಹೇಗೆ’, ‘ಏಕೆ’ ಎಂದು ಕೇಳುತ್ತದೆ. ಒಂದಕ್ಕೆ ದೊಡ್ಡ ಮಾದರಿ ಬೇಕು, ಇನ್ನೊಂದಕ್ಕೆ ದೀರ್ಘ ಒಡನಾಟ ಬೇಕು. ಪಿಎಚ್.ಡಿ. ಪ್ರಬಂಧಗಳ ವಿಧಾನದ ಅಧ್ಯಾಯವೂ ಬಹುಮಟ್ಟಿಗೆ ಇದೇ ಪಟ್ಟಿಯನ್ನು ಕೊಟ್ಟು, ‘ಪ್ರಸ್ತುತ ಅಧ್ಯಯನದಲ್ಲಿ ಎರಡನ್ನೂ ಬಳಸಲಾಗಿದೆ’ ಎಂಬ ವಾಕ್ಯದೊಂದಿಗೆ ಮುಗಿಯುತ್ತದೆ. ಯಾವ ಹಂತದಲ್ಲಿ ಯಾವ ವಿಧಾನವು ಯಾವುದಕ್ಕೆ ಆಧಾರವಾಯಿತು ಎಂಬುದನ್ನು ಆ ವಾಕ್ಯ ತಿಳಿಸುವುದಿಲ್ಲ. ಸಾಮಾಜಿಕ ಭಾಷಾವಿಜ್ಞಾನದ ಕೆಲವು ಅಧ್ಯಯನಗಳ ಮೂಲಕ ಈ ಆಧಾರಸಂಬಂಧವನ್ನು ಸ್ಪಷ್ಟಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರತಿಯೊಂದು ಎಣಿಕೆಯ ಹಿಂದೆಯೂ ಗುಣಾತ್ಮಕವಾದ ಒಂದು ವರ್ಗೀಕರಣವಿರುತ್ತದೆ. ಪ್ರತಿಯೊಂದು ಅರ್ಥವಿವರಣೆಯ ಮುಂದೆಯೂ ಎಣಿಕೆ ಮಾತ್ರ ಉತ್ತರಿಸಬಲ್ಲ ಒಂದು ಪ್ರಶ್ನೆಯಿರುತ್ತದೆ ಎಂಬುದು ನಮ್ಮ ವಾದ.

2. ಮಾರ್ಥಾಸ್ ವಿನ್ಯರ್ಡ್: ಸಂಖ್ಯೆ ಎಲ್ಲಿ ನಿಂತಿತು

ವಿಲಿಯಂ ಲಬೋವ್ ಅವರು 1963ರಲ್ಲಿ ಪ್ರಕಟಿಸಿದ ಮಾರ್ಥಾಸ್ ವಿನ್ಯರ್ಡ್ ಅಧ್ಯಯನವನ್ನು ಪರಿಮಾಣಾತ್ಮಕ ಸಂಪ್ರದಾಯದ ಆರಂಭಬಿಂದುಗಳಲ್ಲಿ ಒಂದೆಂದು ಪರಿಗಣಿಸಲಾಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸೇರಿದ ಈ ದ್ವೀಪದ 69 ಭಾಷಿಕರನ್ನು ಅವರು ಸಂದರ್ಶಿಸಿದರು. ‘ಐ’ ಮತ್ತು ‘ಔ’ ಸಂಧ್ಯಕ್ಷರಗಳ ಮೊದಲ ಘಟಕವು ಬಾಯಿಯ ಮಧ್ಯಭಾಗದ ಕಡೆಗೆ ಸರಿಯುವುದನ್ನು 0ಯಿಂದ 3ರವರೆಗಿನ ನಾಲ್ಕು ಮಟ್ಟಗಳಲ್ಲಿ ಗುರುತಿಸಿ, ಸರಾಸರಿಯನ್ನು ನೂರರಿಂದ ಗುಣಿಸಿ ಸೂಚ್ಯಂಕವನ್ನು ಪಡೆದರು.

ವಯೋಮಾನದ ಪ್ರಕಾರ ‘ಐ’ ಸೂಚ್ಯಂಕ ಹೀಗಿದೆ: 75 ದಾಟಿದವರಲ್ಲಿ 25, 61ರಿಂದ 75ರವರಲ್ಲಿ 35, 46ರಿಂದ 60ರವರಲ್ಲಿ 62, 31ರಿಂದ 45ರವರಲ್ಲಿ 81, 14ರಿಂದ 30ರವರಲ್ಲಿ 37. ಹಿರಿಯರಿಂದ ಕಿರಿಯರ ಕಡೆಗೆ ಏರುತ್ತ ಬಂದ ಸಂಖ್ಯೆ ಅತಿ ಕಿರಿಯರಲ್ಲಿ ಇಳಿಯುತ್ತದೆ. ಈ ಸಂಖ್ಯೆಗಳನ್ನು ಎಷ್ಟು ಬಾರಿ ಮರುಲೆಕ್ಕ ಹಾಕಿದರೂ ಏರಿಕೆಗೂ ಇಳಿಕೆಗೂ ಕಾರಣ ದೊರೆಯದು. ಕಾರಣ ದೊರೆತದ್ದು ಸಂದರ್ಶನಗಳಲ್ಲಿ ಜನರು ದ್ವೀಪದ ಬಗೆಗೆ ಆಡಿದ ಮಾತುಗಳಲ್ಲಿ. ಮೀನುಗಾರಿಕೆ ಕುಗ್ಗುತ್ತ, ಬೇಸಿಗೆಯ ಪ್ರವಾಸಿಗರ ಮೇಲಿನ ಅವಲಂಬನೆ ಹೆಚ್ಚುತ್ತಿದ್ದ ಕಾಲವದು. ಲಬೋವ್ ಅವರು ದ್ವೀಪದ ಬಗೆಗಿನ ಮನೋಭಾವದ ಆಧಾರದಲ್ಲಿ ಭಾಷಿಕರನ್ನು ಮತ್ತೆ ವಿಂಗಡಿಸಿದಾಗ ಅನುಕೂಲ ಮನೋಭಾವದ 40 ಜನರ ಸೂಚ್ಯಂಕ 63, ತಟಸ್ಥರಾದ 19 ಜನರದು 32, ಪ್ರತಿಕೂಲ ಮನೋಭಾವದ 6 ಜನರದು 9 ಎಂದು ಕಂಡಿತು. ದ್ವೀಪವನ್ನು ತನ್ನದೆನ್ನುವವರು ಆ ಉಚ್ಚಾರಣೆಯನ್ನು ಉಳಿಸಿಕೊಂಡಿದ್ದರು. ಬಿಟ್ಟುಹೋಗಬಯಸಿದವರಲ್ಲಿ ಅದು ಕ್ಷೀಣವಾಗಿತ್ತು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ‘ಅನುಕೂಲ’, ‘ಪ್ರತಿಕೂಲ’ ಎಂಬ ವರ್ಗಗಳು ಧ್ವನಿಮುದ್ರಿಕೆಯಲ್ಲಿ ಸಿದ್ಧವಾಗಿರಲಿಲ್ಲ. ಸಂಶೋಧಕರು ಮಾತನ್ನು ಆಲಿಸಿ, ಅರ್ಥೈಸಿ ಅವುಗಳನ್ನು ರೂಪಿಸಿದರು. ಎರಡನೆಯದಾಗಿ, ಆ ಅರ್ಥವಿವರಣೆಯನ್ನು ಎಣಿಕೆಗೆ ಒಡ್ಡದಿದ್ದರೆ ಅದು ಒಪ್ಪತಕ್ಕ ಊಹೆಯಾಗಿ ಮಾತ್ರ ಉಳಿಯುತ್ತಿತ್ತು. ಕೊನೆಯ ವರ್ಗದಲ್ಲಿ ಆರೇ ಜನರಿದ್ದಾರೆ ಎಂಬ ಮಿತಿ ನಮಗೆ ಕಾಣುವುದೂ ಸಂಖ್ಯೆಯನ್ನು ಕೊಟ್ಟಿರುವುದರಿಂದಲೇ.

3. ವರ್ಗಗಳು ಯಾರವು?

ಪೆನೆಲೋಪಿ ಎಕರ್ಟ್ ಅವರು ಡೆಟ್ರಾಯಿಟ್ ಉಪನಗರದ ಪ್ರೌಢಶಾಲೆಯೊಂದರಲ್ಲಿ 1980ರ ದಶಕದ ಆರಂಭದಲ್ಲಿ ನಡೆಸಿದ ಜನಾಂಗವರ್ಣನಾತ್ಮಕ ಅಧ್ಯಯನವು ಇದೇ ಪ್ರಶ್ನೆಯನ್ನು ಮುಂದುವರಿಸುತ್ತದೆ. ವಿದ್ಯಾರ್ಥಿಗಳು ತಮ್ಮನ್ನು ‘ಜಾಕ್’ ಮತ್ತು ‘ಬರ್ನ್‌ಔಟ್’ ಎಂದು ಗುರುತಿಸಿಕೊಳ್ಳುತ್ತಿದ್ದರು. ಮೊದಲನೆಯವರು ಶಾಲೆಯ ಚಟುವಟಿಕೆಗಳಿಗೆ, ಎರಡನೆಯವರು ನಗರದ ಬದುಕಿಗೆ ಮುಖಮಾಡಿದ್ದರು. ಹಲವು ಸ್ವರಗಳ ವ್ಯತ್ಯಯವು ತಂದೆತಾಯಿಯರ ಆರ್ಥಿಕ ವರ್ಗಕ್ಕಿಂತ ವಿದ್ಯಾರ್ಥಿಗಳೇ ಕಟ್ಟಿಕೊಂಡ ಈ ವರ್ಗಗಳೊಂದಿಗೆ ಹೆಚ್ಚು ನಿಕಟವಾಗಿ ಹೊಂದಿಕೊಂಡಿತು. ಶಾಲೆಯ ಒಳಗೆ ಕಾಲ ಕಳೆಯದೆ ಈ ವರ್ಗಗಳು ತಿಳಿಯುತ್ತಿರಲಿಲ್ಲ. ಎಣಿಸದೆ ಅವುಗಳ ಭಾಷಿಕ ಮಹತ್ವ ಸಿದ್ಧವಾಗುತ್ತಿರಲಿಲ್ಲ.

ಭಾರತದ ಜನಗಣತಿಯೂ ಇದಕ್ಕೆ ಹೊರತಲ್ಲ. 2011ರಲ್ಲಿ ಜನರು ಹೇಳಿದ 19,569 ಮಾತೃಭಾಷಾ ಹೆಸರುಗಳು ಪರಿಶೀಲನೆಯ ನಂತರ 1,369 ಮಾತೃಭಾಷೆಗಳಾಗಿ, ಅನಂತರ 121 ಭಾಷೆಗಳಾಗಿ ಅಡಕಗೊಂಡವು. ಆ ಪಟ್ಟಿಯಲ್ಲಿ ತುಳು ಪ್ರತ್ಯೇಕ ಭಾಷೆ; ಬಡಗವು ಕನ್ನಡದ ಅಡಿಯಲ್ಲಿದೆ. ‘ಕನ್ನಡ ಭಾಷಿಕರ ಸಂಖ್ಯೆ’ಯನ್ನು ಉಲ್ಲೇಖಿಸುವಾಗ ನಾವು ಈ ವರ್ಗೀಕರಣದ ನಿರ್ಣಯವನ್ನೂ, ತಿಳಿದೋ ತಿಳಿಯದೆಯೋ, ಉಲ್ಲೇಖಿಸುತ್ತೇವೆ.

4. ಹಕಾರ ಲೋಪ: ಒಂದು ಅಧ್ಯಯನ ವಿನ್ಯಾಸ

ದಕ್ಷಿಣ ಕರ್ನಾಟಕದ ಹಲವು ಆಡುನುಡಿಗಳಲ್ಲಿ ಪದಾದಿಯ ಹಕಾರವು ಲೋಪವಾಗುತ್ತದೆ: ‘ಹಾಲು’ ‘ಆಲು’ ಆಗುತ್ತದೆ, ‘ಹಬ್ಬ’ ‘ಅಬ್ಬ’ ಆಗುತ್ತದೆ. ಇದನ್ನು ಎಣಿಸಲು ಹೊರಟವರು ಮೊದಲು ಎಣಿಕೆಯ ಪರಿಧಿಯನ್ನು ನಿರ್ಧರಿಸಬೇಕು. ಹಕಾರ ಲೋಪವಾದ ಸ್ಥಾನಗಳಷ್ಟನ್ನೇ ಪಟ್ಟಿಮಾಡಿದರೆ ಸಾಲದು. ಲೋಪವಾಗಬಹುದಿದ್ದೂ ಆಗದ ಸ್ಥಾನಗಳನ್ನೂ ಸೇರಿಸಬೇಕು. ‘ಆದರೆ’ಯನ್ನು ‘ಹಾದರೆ’ ಎನ್ನುವ ಅತಿಶುದ್ಧೀಕರಣವನ್ನು ಬೇರೆಯಾಗಿಯೇ ಎಣಿಸಬೇಕು. ‘ಹೌದು’ವಿನಂತಹ ಪದೇ ಪದೇ ಬರುವ ಒಂದು ಪದವೇ ಇಡೀ ಶೇಕಡಾವಾರನ್ನು ಆಳದಂತೆ ಪ್ರತಿ ಪದದ ಬಳಕೆಗಳಿಗೆ ಮಿತಿ ಹಾಕಬೇಕು.

ಇಷ್ಟಾದರೂ ನಿರ್ಣಾಯಕ ಹೆಜ್ಜೆ ಬಾಕಿಯಿರುತ್ತದೆ. ಭಾಷಿಕರನ್ನು ‘ವಿದ್ಯಾವಂತರು’, ‘ಅವಿದ್ಯಾವಂತರು’ ಎಂಬ ಎರಡೇ ಕಂಬಸಾಲುಗಳಲ್ಲಿ ಹಂಚಿದರೆ ಫಲಿತಾಂಶವು ವಿದ್ಯೆಯನ್ನು ಕುರಿತೇ ಇರುತ್ತದೆ. ಬೇರೆ ವಿವರಣೆಗೆ ಕೋಷ್ಟಕದಲ್ಲಿ ಜಾಗವೇ ಇಲ್ಲ. ವಿಲಿಯಂ ಬ್ರೈಟ್ ಅವರು 1960ರಲ್ಲಿ ಕನ್ನಡದ ಸಾಮಾಜಿಕ ಉಪಭಾಷೆಗಳನ್ನು ಬ್ರಾಹ್ಮಣ, ಬ್ರಾಹ್ಮಣೇತರ ಎಂದು ವಿಂಗಡಿಸಿದ್ದು ಅಂದಿಗೆ ಮಹತ್ವದ ಆರಂಭವಾಗಿತ್ತು. ಆದರೆ ಆ ವಿಂಗಡಣೆಯನ್ನು ಇಂದಿನ ಪ್ರತಿಯೊಂದು ಊರಿಗೂ ಪೂರ್ವಸಿದ್ಧ ಅಚ್ಚಿನಂತೆ ಬಳಸುವುದು ಬೇರೆ ಮಾತು. ಅದೇ ವ್ಯಕ್ತಿ ಮನೆಯಲ್ಲಿ ‘ಆಲು’ ಎಂದು, ಸಂಶೋಧಕರ ಮುಂದೆ ‘ಹಾಲು’ ಎಂದು ಹೇಳಬಹುದು. ಗೆಳೆಯರ ನಡುವೆ ಆಪ್ತತೆಗಾಗಿ ಉದ್ದೇಶಪೂರ್ವಕವಾಗಿಯೇ ಹಕಾರವನ್ನು ಬಿಡಬಹುದು. ಇದನ್ನು ತಿಳಿಯಲು ಒಡನಾಟವೇ ದಾರಿ.

ಇದು ಕೇವಲ ವಿಧಾನದ ಸೂಕ್ಷ್ಮವಲ್ಲ. ಅಸಮರ್ಪಕ ವರ್ಗೀಕರಣದಿಂದ ಹುಟ್ಟಿದ ಶೇಕಡಾವಾರು ‘ಹಕಾರ ಲೋಪ ಅವಿದ್ಯೆಯ ಲಕ್ಷಣ’ ಎಂಬ ತೀರ್ಮಾನವಾಗಿ ತರಗತಿಯನ್ನು ತಲುಪಿದರೆ, ಮನೆಮಾತಿನೊಂದಿಗೆ ಶಾಲೆಗೆ ಬಂದ ಮಗುವಿನ ಬಾಯಿಯನ್ನು ಅದು ಕಟ್ಟುತ್ತದೆ. ‘ಹಾಲು’ವಿನ ಹಕಾರವೇ ಹಳಗನ್ನಡದ ‘ಪಾಲ್’ನ ಪಕಾರದಿಂದ ಬಂದ ಬದಲಾವಣೆ ಎಂಬುದನ್ನು ಆ ಕೋಷ್ಟಕ ಹೇಳುವುದಿಲ್ಲ.

5. ಅರ್ಥವಿವರಣೆಯ ಹೊಣೆ

ಗುಣಾತ್ಮಕ ವಿಧಾನಕ್ಕೂ ಅದರದೇ ಹೊಣೆಯಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಅವರ ವಾದ ಸಮಾಂತರ ಉದಾಹರಣೆ ವಾಕ್ಯಗಳ ಮೇಲೆ ನಿಂತಿದೆ. ಇಂತಹ ವಾಕ್ಯಗಳು ಸಮ್ಮಿಳನ ಸಾಧ್ಯವೆಂಬುದನ್ನು ಸಿದ್ಧಪಡಿಸುತ್ತವೆ; ಆದರೆ ಆ ರಚನೆಯನ್ನು ಯಾರು, ಯಾವ ಸಂದರ್ಭದಲ್ಲಿ, ಎಷ್ಟು ಬಾರಿ ಬಳಸುತ್ತಾರೆ ಎಂಬ ಪ್ರಶ್ನೆಗೆ ಉದಾಹರಣೆ ಉತ್ತರವಾಗಲಾರದು. ಅದಕ್ಕೆ ಎಣಿಕೆಯೇ ಬೇಕು.

6. ಉಪಸಂಹಾರ

ಆದ್ದರಿಂದ ‘ಎರಡನ್ನೂ ಬಳಸಲಾಗಿದೆ’ ಎಂಬ ವಾಕ್ಯದ ಬದಲಿಗೆ ಪ್ರಬಂಧವು ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕೆಂದು ನಾವು ಸೂಚಿಸುತ್ತೇವೆ. ಎಣಿಸಿದ ವರ್ಗಗಳು ಎಲ್ಲಿಂದ ಬಂದವು, ಭಾಷಿಕರಿಂದಲೋ ಸಂಶೋಧಕರಿಂದಲೋ? ಪರಿಧಿಯಿಂದ ಏನನ್ನು, ಯಾವ ಕಾರಣಕ್ಕೆ ಹೊರಗಿಡಲಾಯಿತು? ಒಡನಾಟದಿಂದ ದೊರೆತ ವಿವರಣೆಯನ್ನು ಸುಳ್ಳಾಗಿಸಬಲ್ಲ ಎಣಿಕೆ ಯಾವುದು, ಅದನ್ನು ಮಾಡಲಾಯಿತೇ? ಮೂರಕ್ಕೂ ಉತ್ತರವಿರುವ ಅಧ್ಯಯನದಲ್ಲಿ ವಿಧಾನಗಳ ನಡುವಿನ ವ್ಯಾಜ್ಯ ತಾನಾಗಿ ಹಿಂದೆ ಸರಿದು, ಭಾಷೆ ಮತ್ತು ಅದನ್ನಾಡುವವರು ಮುಂದೆ ಬರುತ್ತಾರೆ.